ಸೀಟು ಸಿಕ್ಕ ಮೇಲಿನ ಪಾಠ

ನಮಸ್ಕಾರ. ಈ ವಿಡಿಯೊದಲ್ಲಿ ಬಳ್ಳಾರಿ ಗುಡ್ಡ ಹತ್ತುವ ದೃಶ್ಯ ನಿಮ್ಮ ಕಣ್ಣ ಮುಂದೆಯೇ ಇರುವುದರಿಂದ ಅದನ್ನು ವಿವರಿಸದೆ, ನಮ್ಮ ಭಾಗದ ವಿಶ್ವವಿದ್ಯಾಲಯಗಳ ತರಗತಿಯಲ್ಲಿ ಮೊದಲು ಆಗಬೇಕಾದ ಕೆಲಸ ಯಾವುದು ಎಂಬುದನ್ನು ಮಾತನಾಡುತ್ತೇನೆ. ಹಿಂದೆ ಇಲ್ಲಿನ ಪದವಿ ಕಾಲೇಜುಗಳೆಲ್ಲ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆರಂಭವಾಯಿತು. ಆಮೇಲೆ ರಾಯಚೂರಿಗೂ ಕೊಪ್ಪಳಕ್ಕೂ ಒಂದೊಂದು ಬಂತು. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿಯಿಂದ ಈ ಭಾಗದ ಮಕ್ಕಳಿಗೆ ಸೀಟುಗಳಲ್ಲಿ ಮೀಸಲಾತಿಯೂ ದೊರೆಯಿತು. ಪದವಿ ನಾಲ್ಕು ವರ್ಷದ್ದಾಗಿ, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಇಷ್ಟೆಲ್ಲ ಬದಲಾದರೂ, ವಿದ್ಯಾರ್ಥಿ ಬರೆದದ್ದನ್ನು ಓದಿ ಎರಡು ಮಾತು ಹೇಳುವ ಪದ್ಧತಿ ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ.

ನಾನು ಓದಿದ ಕಡೆ, ಅದರ ಹೆಸರು ಬೇಡ, ಮಾನ್ವಿ ಕಡೆಯ ಗೆಳತಿಯೊಬ್ಬಳು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಹೊಲಗಳಿಗೆ ನೀರು ಏಕೆ ಸರಿಯಾಗಿ ತಲುಪುವುದಿಲ್ಲ ಎಂಬ ವಿಷಯದ ಮೇಲೆ ಅಸೈನ್‌ಮೆಂಟ್ ಬರೆದಿದ್ದಳು. ಊರಿನ ರೈತರನ್ನು ತಾನೇ ಮಾತನಾಡಿಸಿ, ಮೇಲ್ಭಾಗದಲ್ಲಿ ಭತ್ತಕ್ಕೆ ಹೆಚ್ಚು ನೀರು ಎಳೆದುಕೊಳ್ಳುವುದನ್ನು ವಿವರಿಸಿದ್ದಳು. ಅದು ಪುಟಕ್ಕೊಂದು ಟಿಕ್ ಗುರುತಿನೊಂದಿಗೆ ಹಿಂದಿರುಗಿತು. ಹಿಂದಿನ ವರ್ಷದವರದ್ದನ್ನು ನಕಲು ಮಾಡಿ, ಸ್ಕೆಚ್ ಪೆನ್ನಿನಲ್ಲಿ ಶೀರ್ಷಿಕೆ ಬರೆದು, ಸ್ಪೈರಲ್ ಬೈಂಡಿಂಗ್ ಮಾಡಿಸಿದವರಿಗೂ ಅಷ್ಟೇ ಆಂತರಿಕ ಅಂಕಗಳು ಬಿದ್ದವು. ಮುಂದಿನ ಸೆಮಿಸ್ಟರ್‌ನಲ್ಲಿ ಅವಳೂ ನಕಲು ಮಾಡಿದಳು. ಅವಳನ್ನು ದೂರಲು ನನಗೆ ಮನಸ್ಸಿಲ್ಲ. ಒಳ್ಳೆಯ ವಿದ್ಯಾರ್ಥಿಯನ್ನು ಕಳೆದುಕೊಳ್ಳುವುದೆಂದರೆ ಇದೇ.

ವಿದ್ಯಾರ್ಥಿಗಳ ಬರಹ ಓದಲು ಸಮಯ ಸಿಗಬೇಕಾದರೆ ತರಗತಿಯಲ್ಲಿ ನೋಟ್ಸ್ ಬರೆಸುವುದನ್ನೇ ನಿಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪುಸ್ತಕಗಳನ್ನು ಎದುರಿಸುವವರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಆ ನೋಟ್ಸೇ ಆಸರೆ ಎಂಬುದನ್ನು ನೆನೆದರೆ, ಎರಡನೆಯ ಸೆಮಿಸ್ಟರ್‌ನಿಂದ ನಿಲ್ಲಿಸಲಿ ಎನ್ನಬೇಕಾಗುತ್ತದೆ.

ಬರಹ ಓದಿ ಎರಡು ಮಾತು ಹೇಳುವ ಹೊರೆಯನ್ನೆಲ್ಲ ಅತಿಥಿ ಉಪನ್ಯಾಸಕರ ಮೇಲೆ ಹೊರಿಸುವುದು ಅನ್ಯಾಯ. ಮುಂದಿನ ವರ್ಷ ಕೆಲಸ ಉಳಿಯುವುದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರಿಂದ ಪ್ರತಿಯೊಬ್ಬರ ಬರಹದ ಅಂಚಿನಲ್ಲಿ ಟಿಪ್ಪಣಿಯನ್ನು ನಿರೀಕ್ಷಿಸುವ ಮೊದಲು, ಖಾಲಿ ಹುದ್ದೆಗಳನ್ನು ತುಂಬಬೇಕು. ಕೋಟೆಯ ಬಾಗಿಲು ಬಂತು, ಶಾಟ್ ಇಲ್ಲಿಗೆ ಮುಗಿಯುತ್ತದೆ. ನಿಮ್ಮ ಅಸೈನ್‌ಮೆಂಟಿನ ಮೇಲೆ ಗುರುಗಳು ಬರೆದ ಒಂದು ವಾಕ್ಯ ನೆನಪಿದ್ದರೆ ಕೆಳಗೆ ಬರೆಯಿರಿ.