ಡೈ ಅಂದರೆ ಕೂದಲಿಗೆ ಹಚ್ಚುವುದಲ್ಲ

ಇದು ಮಂಡ್ಯ ಸ್ಟೇಷನ್. ಮಂಜು ಬಿದ್ದಿರುವುದರಿಂದ ವಿಡಿಯೊ ಮಬ್ಬಾಗಿದೆ, ಲೆನ್ಸ್ ಒರೆಸಿಲ್ಲ ಅಂದುಕೊಳ್ಳಬೇಡಿ. ಸರಿ, ಒರೆಸಿಯೂ ಇರಲಿಲ್ಲ. ಇಲ್ಲಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ವಾರಕ್ಕೆ ಆರು ದಿನ ಇದೇ ರೈಲು, ಹೆಚ್ಚುಕಡಿಮೆ ಇದೇ ಜನ. ಸೀಟು ಸಿಕ್ಕವರಿಗೆ ನಿದ್ದೆ, ಸಿಗದವರಿಗೆ ಫೋನು.

ಶ್ರೀರಂಗಪಟ್ಟಣ ಬಂದಾಗ ಮಾತ್ರ ನಾನು ಕಿಟಕಿ ಕಡೆ ಬಗ್ಗುತ್ತೇನೆ. ಟಿಪ್ಪು ಕಾಲದ ಶಸ್ತ್ರಾಗಾರವೊಂದು ಇಲ್ಲಿ ಜೋಡಿ ಹಳಿಗೆ ಅಡ್ಡ ಬಂದಿತ್ತು. 2017ರಲ್ಲಿ ಅದನ್ನು ಒಡೆಯದೆ, ಕಟ್ಟಡವನ್ನೇ ಎತ್ತಿ ನೂರು ಮೀಟರ್‌ಗಿಂತ ಜಾಸ್ತಿ ಆಚೆಗೆ ಸರಿಸಿದರು. ಹಳೇ ಇಟ್ಟಿಗೆ ಗೋಡೆ! ನಾವು ಒಂದು ಉಕ್ಕಿನ ಬ್ಲಾಕನ್ನು ಕೂದಲಷ್ಟು ಸರಿಸುವುದಕ್ಕೆ ಅರ್ಧ ದಿನ ಒದ್ದಾಡುತ್ತೇವೆ.

ಆ ಒದ್ದಾಟವೇ ನನ್ನ ಕೆಲಸ. ಟೂಲ್ ಅಂಡ್ ಡೈ ಮೇಕರ್. ನೆಂಟರ ಮದುವೆಯಲ್ಲಿ ಚಿಕ್ಕಪ್ಪ ಕೇಳಿದರು, "ಈಗೇನ್ ಕೆಲ್ಸ ಮಾಡ್ತಿದ್ದೀಲಾ ಮಗ?" "ಡೈ ಮಾಡ್ತೀನಿ ಚಿಕ್ಕಪ್ಪ" ಅಂದೆ. "ಕೂದ್ಲಿಗೆ ಹಚ್ಕೊಳೋದಾ? ನಂಗೂ ಒಂದೆರಡ್ ಪ್ಯಾಕೆಟ್ ತಂದ್ಕೊಡ್ಲಾ." ಪಂಕ್ತಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಚಿಕ್ಕಪ್ಪ ಮಾತ್ರ ನಗಲಿಲ್ಲ, ನಿಜವಾಗಿಯೇ ಕೇಳಿದ್ದರು.

ಅಮ್ಮನಿಗೆ ಒಂದೇ ಮಾತಿನಲ್ಲಿ ಅರ್ಥವಾಗಿತ್ತು. "ಅಚ್ಚು ಮಾಡೋನು ಅನ್ನು, ಮುಗೀತಲ್ಲ." ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವ ಮರದ ಅಚ್ಚು ಇರುತ್ತಲ್ವಾ, ಆಲೆಮನೆಯಲ್ಲಿ ಬೆಲ್ಲ ಹುಯ್ಯುವ ಅಚ್ಚು ಇರುತ್ತಲ್ವಾ, ಅದೇ. ಬೆಲ್ಲ ಮಾಡುವವನು ಬೇರೆ, ಬೆಲ್ಲದ ಅಚ್ಚು ಕೊರೆದವನು ಬೇರೆ. ನಾನು ಎರಡನೆಯವನು. ನನ್ನ ಅಚ್ಚಿಗೆ ಬೀಳುವುದು ಪಾಕ ಅಲ್ಲ, ತಗಡು. ಮೇಲಿನಿಂದ ಪಂಚ್ ಅನ್ನುವ ಉಕ್ಕಿನ ಗೂಟ ಬರುತ್ತದೆ, ಕೆಳಗೆ ಅದೇ ಆಕಾರದ ತೂತಿರುವ ಡೈ ಕಾಯುತ್ತಿರುತ್ತದೆ, ನಡುವೆ ತಗಡು. ಪ್ರೆಸ್ ಒಂದು ಏಟು ಕೊಟ್ಟರೆ ಬಿಲ್ಲೆ ಕೆಳಗೆ. ನಿಮ್ಮ ಬೈಕಿನ ವಾಷರ್, ಸ್ವಿಚ್ ಬೋರ್ಡ್ ಒಳಗಿನ ಹಿತ್ತಾಳೆ ಪಟ್ಟಿ, ಫ್ಯಾನ್ ಮೋಟರಿನ ಪದರಗಳು, ಎಲ್ಲ ಹೀಗೆ ಬಿದ್ದವೇ.

ಕಂಪನಿ ಒಳಗಿನ ಒಂದು ಶಾಟ್ ಕೂಡ ಈ ವಿಡಿಯೊದಲ್ಲಿ ಇಲ್ಲ. ಗೇಟಿನಲ್ಲೇ ಫೋನ್ ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು. ನೀವು ಈಗ ನೋಡುತ್ತಿರುವುದು ಭಾನುವಾರ, ಹೆಬ್ಬಾಳದಲ್ಲಿರುವ ನನ್ನ ಗೆಳೆಯನ ಶೆಡ್. ಮೈಸೂರಿನ ಹೆಬ್ಬಾಳ, ಬೆಂಗಳೂರಿನದ್ದಲ್ಲ. ಒಂದು ಹಳೇ ಮಿಲ್ಲಿಂಗ್ ಮಿಷನ್, ಒಂದು ಸರ್ಫೇಸ್ ಗ್ರೈಂಡರ್, ಒಂದು ಕೈ ಪ್ರೆಸ್. ಮೂಲೆಯಲ್ಲಿ ಮಲಗಿರುವ ನಾಯಿ ಯಾರದ್ದೋ ಗೊತ್ತಿಲ್ಲ.

ನಾವಿಬ್ಬರೂ ಮೇಟಗಳ್ಳಿಯ ಜಿಟಿಟಿಸಿಯಲ್ಲಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ, ಒಟ್ಟಿಗೆ ಓದಿದವರು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ ಅದು, ಆಮೇಲೆ ಮೈಸೂರಿಗೂ ಬಂತು. ಎಸ್ಸೆಸ್ಸೆಲ್ಸಿ ಮುಗಿಸಿ ಹೋದವರ ಕೈಗೆ ಮೊದಲು ಮಿಷನ್ ಕೊಡುವುದಿಲ್ಲ, ಅರ ಕೊಡುತ್ತಾರೆ. ಒಂದು ಕಬ್ಬಿಣದ ತುಂಡು, ಒಂದು ವೈಸ್. ಉಜ್ಜು. ಮಟ್ಟ ಇಟ್ಟು ಬೆಳಕಿಗೆ ಹಿಡಿ. ಕೆಳಗಿನಿಂದ ಬೆಳಕು ಇಣುಕಿದರೆ ಮತ್ತೆ ಉಜ್ಜು. ಅಂಗೈಯಲ್ಲಿ ಗುಳ್ಳೆ ಎದ್ದು ಅನ್ನ ಕಲಸುವುದಕ್ಕೂ ಆಗುತ್ತಿರಲಿಲ್ಲ, ವಾರಗಟ್ಟಲೆ ಚಮಚದಲ್ಲಿ ತಿಂದಿದ್ದೇನೆ. ಆಗ ಬೈದುಕೊಂಡಿದ್ದೆ. ಈಗ ಬೆರಳ ತುದಿ ಸವರಿದರೆ ಅಂಚಿನಲ್ಲಿ ಬರ್, ಅಂದರೆ ಕತ್ತರಿಸಿದಾಗ ಉಳಿಯುವ ಸಿಬಿರು, ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನು ನನ್ನ ದೊಡ್ಡ ಎಡವಟ್ಟು. ಕೆಲಸಕ್ಕೆ ಸೇರಿದ ಹೊಸತು. 1 ಮಿಲಿಮೀಟರ್ ದಪ್ಪದ ತಗಡಿನಲ್ಲಿ 30 ಮಿಲಿಮೀಟರ್ ಬಿಲ್ಲೆ ಬೇಕಿತ್ತು. ಪಂಚ್ ಮತ್ತು ಡೈ ನಡುವೆ ಸಂದು ಬಿಡಬೇಕು. ಮೆದು ಉಕ್ಕಿಗೆ ಒಂದು ಪಕ್ಕಕ್ಕೆ ತಗಡಿನ ದಪ್ಪದ ಸುಮಾರು ಶೇ 5, ಅಂದರೆ 50 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ, ಆ ಸಂದಿಗೆ ಕೂದಲೂ ಹೋಗುವುದಿಲ್ಲ. ಚಿಕ್ಕಪ್ಪನ ಡೈಗೂ ನನ್ನ ಡೈಗೂ ಅಷ್ಟು ಮಾತ್ರ ಸಂಬಂಧ.

ಸಂದು ಸರಿಯಾಗಿಯೇ ಬಿಟ್ಟೆ. ಆದರೆ ತಪ್ಪು ಕಡೆಗೆ ಬಿಟ್ಟೆ. ಎರಡೂ ಪಕ್ಕ ಸೇರಿ 0.10 ಮಿಲಿಮೀಟರ್ ಬರುವ ಹಾಗೆ ಪಂಚ್ 30.00, ಡೈ 30.10 ಮಾಡಿದೆ. ಟ್ರಯಲ್‌ನಲ್ಲಿ ಬಿಲ್ಲೆ ಚೆನ್ನಾಗಿಯೇ ಬಿತ್ತು. ಮೈಕ್ರೋಮೀಟರ್ ಹಿಡಿದರೆ 30.10. ನಮ್ಮ ಸೀನಿಯರ್ ಅಣ್ಣ ಬೈಯಲಿಲ್ಲ, ಅದೇ ಜಾಸ್ತಿ ಉರಿಯಿತು. "ತೂತಿಗೆ ಪಂಚ್ ಯಜಮಾನ, ಬಿಲ್ಲೆಗೆ ಡೈ ಯಜಮಾನ. ಯಾವ್ದು ಬೇಕು ಅಂತ ಕೇಳ್ಕೊಂಡು ಕೆಲ್ಸ ಶುರು ಮಾಡು" ಅಂದರು, ಟೀ ಕುಡಿಯುವುದಕ್ಕೆ ಹೋದರು. ತೂತು ಪಂಚಿನ ಅಳತೆಗೆ ಬರುತ್ತದೆ, ಕೆಳಗೆ ಬೀಳುವ ಬಿಲ್ಲೆ ಡೈ ಅಳತೆಗೆ ಬರುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ!

ಪಂಚನ್ನು ಗ್ರೈಂಡ್ ಮಾಡಿ 29.90ಕ್ಕೆ ಇಳಿಸಬಹುದು. ಡೈ ತೂತು ದೊಡ್ಡದಾದರೆ ಮುಗಿಯಿತು, ಅದನ್ನು ಚಿಕ್ಕದು ಮಾಡುವುದು ಹೇಗೆ? ಹೊಸ ಡಿ2 ಉಕ್ಕಿನ ಬ್ಲಾಕ್ ತಂದು, ಸಾವಿರ ಡಿಗ್ರಿ ದಾಟಿಸಿ ಗಡಸು ಮಾಡಿಸಿ, ಗ್ರೈಂಡ್ ಮಾಡಿ, ಮತ್ತೆ ವೈರ್‌ಕಟ್‌ಗೆ ಕೂರಿಸಬೇಕು. ಆ ಗಡಸು ಉಕ್ಕಿನ ಮೇಲೆ ಅರ ಎಳೆದರೆ ಗಾಜಿನ ಮೇಲೆ ಎಳೆದ ಹಾಗೆ ಜಾರುತ್ತದೆ. ಅದಕ್ಕೇ ವೈರ್‌ಕಟ್ ಮಿಷನ್: ಕಾಲು ಮಿಲಿಮೀಟರ್ ಹಿತ್ತಾಳೆ ತಂತಿ ನೀರಿನೊಳಗೆ ಕಿಡಿ ಹಾರಿಸುತ್ತಾ, ಉಕ್ಕನ್ನು ಮುಟ್ಟದೆಯೇ ಕೊರೆಯುತ್ತದೆ. ನೋಡುವುದಕ್ಕೆ ಚೆಂದ, ಕಾಯುವುದಕ್ಕೆ ಬೇಜಾರು. ಕೆಟ್ಟ ಬ್ಲಾಕ್ ನನ್ನ ಟೇಬಲ್ ಮೇಲೆ ಪೇಪರ್ ವೇಟ್ ಆಗಿದೆ.

ಈಗ ಸರಿಯಾಗಿ ನೋಡಿ, ಈ ಭಾಗಕ್ಕೋಸ್ಕರವೇ ಕ್ಯಾಮೆರಾ ತಂದಿದ್ದು. ಡೈ ಬ್ಲಾಕನ್ನು ಅಲೆನ್ ಬೋಲ್ಟ್ ಹಾಕಿ ಅರೆಬರೆ ಬಿಗಿದಿದ್ದೇನೆ. ಅದರ ಮೇಲೆ ನಿನ್ನೆಯ ಪತ್ರಿಕೆಯ ಒಂದು ಚೂರು. ತಗಡು ಅಲ್ಲ, ಕಾಗದ. ಪಂಚಿನ ಸುತ್ತ ಸಂದು ಒಂದೇ ಸಮ ಇದೆಯೋ ನೋಡುವುದಕ್ಕೆ. ಕೈಯಿಂದಲೇ ಪ್ರೆಸ್ ಮೆಲ್ಲಗೆ ಇಳಿಸುತ್ತೇನೆ. ನೋಡಿ, ಮೂರು ಕಡೆ ನೀಟಾಗಿ ಕತ್ತರಿಸಿದೆ. ಬಲಗಡೆ ನಾರು ನಾರಾಗಿ ನೇತಾಡುತ್ತಿದೆ. ಅಂದರೆ ಆ ಕಡೆ ಸಂದು ಜಾಸ್ತಿ. ಬ್ಲಾಕನ್ನು ಬಲಗಡೆಯಿಂದ ತಾಮ್ರದ ಸುತ್ತಿಗೆಯಲ್ಲಿ ಟಕ್ ಅಂತ ಒಂದು ತಟ್ಟು. ಮತ್ತೆ ಕಾಗದ. ಈಗ ಎಡಗಡೆ ನೇತಾಡುತ್ತಿದೆ, ಜಾಸ್ತಿ ತಟ್ಟಿಬಿಟ್ಟೆ. ಇನ್ನೊಂದು ಸಲ. ಇನ್ನೂ ಒಂದು ಸಲ. ಗೆಳೆಯ ಹಿಂದಿನಿಂದ, "ಲೋ, ಕ್ರೀಡಾ ಪುಟ ನಾನಿನ್ನೂ ಓದಿಲ್ಲ ಕಣೋ" ಅನ್ನುತ್ತಿದ್ದಾನೆ.

ಸುತ್ತಲೂ ಒಂದೇ ಸಮ ಕತ್ತರಿಸಿದ ಮೇಲೆ ಬೋಲ್ಟ್ ಬಿಗಿದು, ಡೋವೆಲ್ ಅನ್ನುವ ಪಿನ್ನಿನ ತೂತನ್ನು ಕೆಳಗಿನ ಪ್ಲೇಟಿಗೂ ಸೇರಿಸಿ ರೀಮ್ ಮಾಡಿ, ಅಂದರೆ ನಿಖರ ಅಳತೆಗೆ ನುಣುಪಾಗಿ ಕೊರೆದು, ಪಿನ್ ಹೊಡೆಯುವುದು. ಬೋಲ್ಟ್ ಸುಮ್ನೆ ಹಿಡಿದುಕೊಳ್ಳುತ್ತದೆ, ಜಾಗ ಕಾಯುವುದು ಡೋವೆಲ್. ನಾಳೆ ಯಾರಾದರೂ ಬಿಚ್ಚಿ ಸಾಣೆ ಹಿಡಿದು ಮತ್ತೆ ಕೂರಿಸಿದರೂ ಇದೇ ಜಾಗಕ್ಕೆ ಬರಬೇಕು.

ಇಗೋ, ಹನ್ನೊಂದನೆಯ ಕಾಗದ. ದುಂಡಗೆ, ಒಂದು ನಾರೂ ಇಲ್ಲ. ಕ್ಯಾಮೆರಾ ಹತ್ತಿರ ಹಿಡಿದಿದ್ದೇನೆ, ಫೋಕಸ್ ಆಗಲಿ... ಆಯಿತು. ಇದನ್ನು ಜೇಬಿಗೆ ಹಾಕಿಕೊಂಡೆ. ಊಟಕ್ಕೆ ಮನೆಗೆ ಹೋಗಬೇಕು, ಅಮ್ಮ ಎರಡು ಸಲ ಫೋನ್ ಮಾಡಿದ್ದಾರೆ. ಚಿಕ್ಕಪ್ಪ ಬಂದು ಕೂತಿದ್ದಾರಂತೆ, ಪ್ಯಾಕೆಟ್ ಕೇಳುತ್ತಿದ್ದಾರಂತೆ.