ಪೌಂಡ್ ಪೌಂಡ್ ಎನ್ನುವ ಅರ್ಜಿ

ನಮಸ್ಕಾರ. ಹಿಂದೆ ಕೇಳುತ್ತಿರುವುದು ಮಂಗಳೂರಿನ ಮಳೆ, ಸ್ವಲ್ಪ ಸಹಿಸಿಕೊಳ್ಳಿ. ಕ್ಯಾಮೆರಾ ತಂಗಿಯ ಕೈಯಲ್ಲಿದೆ. ಸ್ಕ್ರೀನ್ ಓರೆಯಾಗಿ ಕಂಡರೆ ಅವಳನ್ನೇ ಬೈಯಿರಿ, ನನಗಂತೂ ಕಾಣುವುದಿಲ್ಲ.

ಪತ್ರ, ಅರ್ಜಿ ಬರೆಯುವ ಸಾಫ್ಟ್‌ವೇರ್ ಲಿಬ್ರೆ ಆಫೀಸ್, ಅದನ್ನು ಕಂಪ್ಯೂಟರಿಗೆ ಹಾಕಿ ಆಯ್ತು. ಸ್ಕ್ರೀನಿನಲ್ಲಿ ಇರುವುದನ್ನು ಓದಿ ಹೇಳುವುದಕ್ಕೆ ಒಂದು ಸ್ಕ್ರೀನ್ ರೀಡರ್, ಎನ್‌ವಿಡಿಎ. ಎರಡಕ್ಕೂ ಪೈಸೆ ಖರ್ಚಿಲ್ಲ. ಎನ್‌ವಿಡಿಎ ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್, 2006ರಲ್ಲಿ. ಅವರಿಗೂ ಕಣ್ಣು ಕಾಣುವುದಿಲ್ಲ. ಅದಕ್ಕೇ ಇರಬೇಕು, ಬೇಡದ್ದನ್ನು ಒದರುವುದು ಕಡಿಮೆ. ಇದರ ಕನ್ನಡ ಧ್ವನಿ ಮಾತ್ರ ತಗಡಿನ ಡಬ್ಬದೊಳಗಿಂದ ಬಂದ ಹಾಗಿದೆ. ನನಗೆ ಇಷ್ಟವೇ ಇಲ್ಲ. ಅಲ್ಲ, ವೇಗ ಜಾಸ್ತಿ ಮಾಡಿದಾಗ ಇದೇ ಚೆನ್ನಾಗಿ ತಿಳಿಯುತ್ತದೆ, ಅದೂ ನಿಜ.

ಈಗ ಇದನ್ನು ಕೇಳಿ. ಒಂದು ಆಫೀಸಿನವರು ಮೇಲ್ ಮಾಡಿದ ಅರ್ಜಿ. ತಂಗಿಗೆ ಕಾಣುವುದು ಚಂದದ ಕನ್ನಡ. ನನಗೆ ಕೇಳುವುದು "ಪಿ... ಪೌಂಡ್... ಕ್ಯು". ಎಂಥದು ಮಾರಾಯ್ರೆ, ಲಂಡನ್ನಿನ ಬ್ಯಾಂಕಿನಿಂದ ಬಂತಾ?

ವಿಷಯ ಇಷ್ಟೇ. ಫೈಲು ಹಳೆಯ ನುಡಿ ಫಾಂಟಿನಲ್ಲಿದೆ, ಯೂನಿಕೋಡ್ ಅಲ್ಲ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಕೋಡ್ ಇರುವ ಪದ್ಧತಿಯಲ್ಲಿ ಇಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆ. ಫಾಂಟು ಅದಕ್ಕೆ ಕನ್ನಡದ ಆಕಾರ ಕೊಡುತ್ತದೆ. 'ಕ' ಇರುವಲ್ಲಿ ಪಿ, 'ನ' ಇರುವಲ್ಲಿ ಪೌಂಡ್ ಗುರುತು. ಕಣ್ಣಿಗೆ ಆಕಾರ ಸಾಕು. ಸ್ಕ್ರೀನ್ ರೀಡರ್ ಓದುವುದು ಒಳಗಿನ ಕೋಡನ್ನು. ಇದಕ್ಕೆ ಲಿಬ್ರೆ ಆಫೀಸನ್ನು ಬೈದು ಪ್ರಯೋಜನ ಇಲ್ಲ, ಯಾವುದರಲ್ಲಿ ತೆರೆದರೂ ಇದೇ ಕಥೆ.

ಆ ಆಫೀಸಿಗೆ ಫೋನ್ ಮಾಡಿದೆ. "ನಮ್ಮಲ್ಲಿ ಸರಿ ಕಾಣ್ತದಲ್ಲ" ಅಂದರು. ಕಾಣ್ತದೆ ಸ್ವಾಮಿ, ಯಾರಿಗೆ? ಮತ್ತೆ, "ಪ್ರಿಂಟ್ ತೆಗೆದು ಯಾರ ಹತ್ರ ಆದ್ರೂ ತುಂಬಿಸಿ" ಅಂತ ಉಪದೇಶ. ನನ್ನ ಬ್ಯಾಂಕ್ ಖಾತೆಯ ನಂಬರು, ನನ್ನ ಆದಾಯ, ಕಂಡಕಂಡವರಿಗೆ ಯಾಕೆ ಹೇಳಬೇಕು? ಅಲ್ವಾ?

ಹಾರ್ನ್ ಕೇಳಿತಾ? ಮೀನಿನ ಸ್ಕೂಟರ್. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಬಂಗುಡೆ ರೇಟು ಕೇಳುವುದೇ ಬೇಡ. ಆದರೂ ಅಮ್ಮ ಗೇಟಿನ ಹತ್ತಿರ ಚರ್ಚೆಗೆ ನಿಂತಾಯ್ತು. ಸರಿ ಸರಿ, ಅರ್ಜಿಗೆ ಬರೋಣ, ಶಾಟ್ ಮುಗಿಯುತ್ತಾ ಬಂತು.

ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿದ್ದೇನೆ. ಒತ್ತಕ್ಷರ ಅಲ್ಲಲ್ಲಿ ಎಡವಟ್ಟಾಗಿದೆ, ಇರಲಿ. ಕಂಟ್ರೋಲ್ ಜೊತೆ 1 ಒತ್ತಿದರೆ ಹೆಡಿಂಗ್. ಲಿಬ್ರೆ ಆಫೀಸಿನ ಟೂಲ್ಸ್ ಮೆನುವಿನಲ್ಲಿ ಆಕ್ಸೆಸಿಬಿಲಿಟಿ ಚೆಕ್ ಇದೆ, ನನ್ನಂಥವರಿಗೆ ಓದಲು ಎಲ್ಲಿ ತೊಡಕು ಅಂತ ಹುಡುಕುವುದು, 2020ರ 7.0 ಆವೃತ್ತಿಯಲ್ಲಿ ಬಂದದ್ದು. ಲೋಗೋಗೆ ವಿವರಣೆ ಬರೆದಿಲ್ಲ ಅಂತ ದೂರುತ್ತಿದೆ. ಬರೆದು, ಖಾಲಿ ಫಾರಂ ಒಂದನ್ನು ಆ ಆಫೀಸಿನವರಿಗೇ ಕಳಿಸುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕೊಡಲಿ. ತಂಗಿಗೆ ಕೈ ನೋವಂತೆ. ಸಾಕು, ಆಫ್ ಮಾಡು.