ಕಸಿಗೆ ಮುನ್ನ ಯಕೃತ್ತಿನ ಪರೀಕ್ಷೆ

ಭದ್ರಾವತಿ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ. ದಾನವಾಗಿ ಬಂದ ಯಕೃತ್ತು, ಅಂದರೆ ನಾವೆಲ್ಲ ಲಿವರ್ ಎಂದು ಕರೆಯುವ ಅಂಗ, ರೋಗಿಯ ದೇಹದಲ್ಲಿ ಕೆಲಸ ಮಾಡುವುದೋ ಇಲ್ಲವೋ ಎಂಬುದನ್ನು ಕಸಿ ಮಾಡುವ ಮೊದಲೇ ತಿಳಿಯುವುದು ಹೇಗೆ ಎಂಬುದು ಇಂದಿನ ವಿಷಯ. ನನಗೆ ಹೇಳಲಿಕ್ಕಿರುವುದು ಒಂದೇ ಮಾತು: ಯಕೃತ್ತನ್ನು ಕೆಲಸ ಮಾಡಿಸಿ ನೋಡಿ, ಆಮೇಲೆ ತೀರ್ಮಾನಿಸಬೇಕು.

ವಯಸ್ಕರ ಯಕೃತ್ತು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಅದರೊಳಗೆ ಹರಿಯುತ್ತದೆ. ಮಿದುಳು ನಿಷ್ಕ್ರಿಯಗೊಂಡವರ ದೇಹದಿಂದ ಅದನ್ನು ತೆಗೆದಾಗ, ಒಳಗಿನ ರಕ್ತವನ್ನು ತಣ್ಣನೆಯ ದ್ರಾವಣದಿಂದ ತೊಳೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು ಸಾಗಿಸುವುದು ದಶಕಗಳಿಂದ ನಡೆದುಬಂದ ಪದ್ಧತಿ. ಆ ತಂಪಿನಲ್ಲಿ ಅದರ ಕೆಲಸಗಳೆಲ್ಲ ಬಹುಮಟ್ಟಿಗೆ ನಿಂತುಹೋಗಿರುತ್ತವೆ. ಪಿತ್ತರಸ ಒಂದು ಹನಿಯೂ ಬರುವುದಿಲ್ಲ. ಆದ್ದರಿಂದ ಶಸ್ತ್ರವೈದ್ಯರು ಅದರ ಬಣ್ಣ ನೋಡಿ, ಅಂಚು ಮುಟ್ಟಿ, ದಾನಿಯ ವಯಸ್ಸು ವಿಚಾರಿಸಿ, ಹೆಚ್ಚೆಂದರೆ ಒಂದು ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ನಿರ್ಧರಿಸಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಹಸು ಕೊಳ್ಳುವವರು ಮೈ ಬಣ್ಣ, ಕೋಡು ನೋಡಿ ದುಡ್ಡು ಎಣಿಸುವುದಿಲ್ಲ, ಎರಡು ಹೊತ್ತು ಹಿಂಡಿ ನೋಡುತ್ತಾರೆ. ಯಕೃತ್ತಿಗೆ ಮಾತ್ರ ಅಂಥ ಪರೀಕ್ಷೆಯೇ ಇರಲಿಲ್ಲ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಂಗವನ್ನು ಹೇಳುತ್ತೇನೆ. ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೊಟ್ಟೆಯಲ್ಲಿ ತುಂಬಿದ ನೀರನ್ನು ತೆಗೆಸಿಕೊಳ್ಳಲು ನನ್ನಲ್ಲಿಗೆ ಬರುತ್ತಿದ್ದರು. ಬೆಂಗಳೂರಿನ ಆಸ್ಪತ್ರೆಯೊಂದರ ಮೂಲಕ, ನಮ್ಮ ರಾಜ್ಯದಲ್ಲಿ ದಾನವಾಗಿ ಬಂದ ಅಂಗಗಳನ್ನು ಹಂಚುವ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದರು. ಅವರ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರವಾದ್ದರಿಂದ ಮಗ ಅಲ್ಲಿಯೇ ಚಾಪೆ ಹಾಸಿ ಮಲಗುತ್ತಿದ್ದ. ಮಳೆಗಾಲದ ಒಂದು ರಾತ್ರಿ ಕರೆ ಬಂತು: ಯಕೃತ್ತು ಸಿಗುವಂತಿದೆ, ಏನನ್ನೂ ತಿನ್ನದೆ ಕುಡಿಯದೆ ಕೂಡಲೇ ಹೊರಟು ಬನ್ನಿ. ರಿಪ್ಪನ್‌ಪೇಟೆ ದಾಟಿ ಆಯನೂರು ಮುಟ್ಟುವಷ್ಟರಲ್ಲಿ ರಸ್ತೆಗೆ ಮರ ಬಿದ್ದಿತ್ತು. ಊರಿನವರು ಗರಗಸ ತಂದು ಕೊಯ್ದು ದಾರಿ ಬಿಡಿಸುವವರೆಗೆ ಆ ರೋಗಿ ಕಾರಿನಲ್ಲಿ ಒಣಗಿದ ಬಾಯಿಯಲ್ಲಿ ಕುಳಿತಿದ್ದರು. ಬೆಳಗ್ಗೆ ಬೆಂಗಳೂರು ತಲುಪಿದರು. ರಕ್ತ ಪರೀಕ್ಷೆಯಾಯಿತು, ಒಪ್ಪಿಗೆ ಪತ್ರಕ್ಕೆ ಸಹಿಯಾಯಿತು, ಶಸ್ತ್ರಚಿಕಿತ್ಸೆಯ ಕೊಠಡಿಯ ಬಾಗಿಲವರೆಗೆ ಕರೆದೊಯ್ದದ್ದೂ ಆಯಿತು. ಅಷ್ಟರಲ್ಲಿ ಸುದ್ದಿ ಬಂತು: ಯಕೃತ್ತು ಹಳದಿಯಾಗಿದೆ, ಕೊಬ್ಬು ತುಂಬಿದೆ, ಅಂಚು ಮೊಂಡಾಗಿದೆ, ಬೇಡ. ಬಂದ ದಾರಿಯಲ್ಲೇ ಅವರು ಹಿಂತಿರುಗಿದರು.

ಮರುವಾರ ಅವರ ಪತ್ನಿ ನನ್ನನ್ನು ಕೇಳಿದ್ದು ಇಷ್ಟು: “ಡಾಕ್ಟ್ರೇ, ಆ ಲಿವರ್ ಕೆಲಸ ಮಾಡ್ತಿರ್ಲಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಯ್ತು?” ಗೊತ್ತಾಗಿರಲಿಲ್ಲ ಎಂಬುದೇ ಉತ್ತರ. ಶಸ್ತ್ರವೈದ್ಯರು ಹೆದರಿದ್ದರು, ಆ ಹೆದರಿಕೆ ನ್ಯಾಯವಾದದ್ದೇ. ಏಕೆಂದರೆ ಕಸಿ ಮಾಡಿದ ಯಕೃತ್ತು ಕೆಲಸ ಆರಂಭಿಸದಿದ್ದರೆ, ಕೆಲವೇ ದಿನಗಳಲ್ಲಿ ಇನ್ನೊಂದು ಸಿಗದ ಹೊರತು ರೋಗಿ ಉಳಿಯುವುದಿಲ್ಲ. ಕೊನೆಗೆ ಜಗಲಿಯಲ್ಲಿ ಮಲಗುತ್ತಿದ್ದ ಆ ಮಗನೇ ತನ್ನ ಯಕೃತ್ತಿನ ಒಂದು ಭಾಗವನ್ನು ತಂದೆಗೆ ಕೊಟ್ಟ. ತಂದೆ ಈಗ ತೋಟಕ್ಕೆ ಹೋಗಿಬರುತ್ತಾರೆ. ಆದರೆ ಒಂದು ಯಕೃತ್ತನ್ನು ಪರೀಕ್ಷಿಸಲಾಗದೆ ಕೈಬಿಟ್ಟಿದ್ದರಿಂದ ಆರೋಗ್ಯವಂತ ಹುಡುಗನ ಹೊಟ್ಟೆಯನ್ನು ಕೊಯ್ಯಬೇಕಾಯಿತಲ್ಲ ಎಂಬ ಬೇಸರ ನನಗೆ ಹೋಗಿಲ್ಲ.

ಈಗ ಆ ಪರೀಕ್ಷೆಗೆ ದಾರಿಯಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಪೀಟರ್ ಫ್ರೆಂಡ್ ಮತ್ತು ಇಂಜಿನಿಯರ್ ಕಾನ್‌ಸ್ಟಂಟಿನ್ ಕೂಸಿಯೋಸ್ ಅವರು ರೂಪಿಸಿದ ಯಂತ್ರದಲ್ಲಿಟ್ಟ ಯಕೃತ್ತನ್ನು 2013ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕಸಿ ಮಾಡಲಾಯಿತು. ಯಂತ್ರದೊಳಗೆ ಮಂಜುಗಡ್ಡೆಯಿಲ್ಲ, ಮೈಯ ಬಿಸಿಯಷ್ಟೇ, ಅಂದರೆ 37 ಡಿಗ್ರಿ ಬಿಸಿಯಿರುತ್ತದೆ. ರಕ್ತನಿಧಿಯಿಂದ ತಂದ ಕೆಂಪು ರಕ್ತಕಣಗಳಿಗೆ ಆಮ್ಲಜನಕ ತುಂಬಿ, ಪೋಷಕಾಂಶ, ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬೆರೆಸಿ, ಪಂಪು ಯಕೃತ್ತಿನ ಎರಡೂ ರಕ್ತನಾಳಗಳಿಗೆ ಹರಿಸುತ್ತದೆ. ಪೆಟ್ಟಿಗೆಯೊಳಗಿದ್ದರೂ ಯಕೃತ್ತು ದೇಹದೊಳಗಿರುವಂತೆಯೇ ಕೆಲಸಕ್ಕೆ ತೊಡಗುತ್ತದೆ.

ಆಗ ವೈದ್ಯರು ಮುಖ್ಯವಾಗಿ ನೋಡುವುದು ರಕ್ತದಲ್ಲಿರುವ ಲ್ಯಾಕ್ಟೇಟ್ ಎಂಬ ತ್ಯಾಜ್ಯವನ್ನು. ಆರಂಭದಲ್ಲಿ ಅದು ಬಹಳ ಹೆಚ್ಚಿರುತ್ತದೆ. ಕಸುವುಳ್ಳ ಯಕೃತ್ತು ಕೆಲವೇ ಗಂಟೆಗಳಲ್ಲಿ ಅದನ್ನು ತಿಂದು ಮುಗಿಸುತ್ತದೆ. ಅದರ ಜೊತೆಗೆ ಪಿತ್ತರಸ ಬರುತ್ತಿದೆಯೇ, ಸಕ್ಕರೆ ಬಳಕೆಯಾಗುತ್ತಿದೆಯೇ, ರಕ್ತದ ಆಮ್ಲತೆ ಸರಿಹೋಗುತ್ತಿದೆಯೇ, ನಾಳಗಳಲ್ಲಿ ಹರಿವು ಸಾಕಷ್ಟಿದೆಯೇ ಎಂದು ನೋಡುತ್ತಾರೆ. ಬರ್ಮಿಂಗ್‌ಹ್ಯಾಮಿನ ವೈದ್ಯರು ಯಾವ ಆಸ್ಪತ್ರೆಗೂ ಬೇಡವಾಗಿದ್ದ 31 ಯಕೃತ್ತುಗಳನ್ನು ಹೀಗೆ ಯಂತ್ರಕ್ಕೆ ಜೋಡಿಸಿದರು. ನಾಲ್ಕು ಗಂಟೆಯೊಳಗೆ ಲ್ಯಾಕ್ಟೇಟ್ ಲೀಟರಿಗೆ 2.5 ಮಿಲಿಮೋಲಿಗೆ ಇಳಿಯಬೇಕು, ಉಳಿದ ಗುರುತುಗಳಲ್ಲಿ ಎರಡಾದರೂ ಇರಬೇಕು ಎಂದು ನಿಯಮ ಮಾಡಿಕೊಂಡರು. 31ರಲ್ಲಿ 22 ಯಕೃತ್ತುಗಳನ್ನು ಕಸಿ ಮಾಡಲಾಯಿತು. 90 ದಿನಗಳ ಹೊತ್ತಿಗೆ ಆ 22 ಜನರೂ ಬದುಕಿದ್ದರು. 2020ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದಾಗ ನನಗೆ ಆ ಹೊಸನಗರದ ತಾಯಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ನೋಟಕ್ಕೆ ಕೆಟ್ಟದ್ದೆಂದು ಬಿಟ್ಟವುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಕೆಟ್ಟಿರಲಿಲ್ಲ.

ಯಂತ್ರ ಕೆಟ್ಟ ಯಕೃತ್ತನ್ನು ರಿಪೇರಿ ಮಾಡಿಕೊಡುತ್ತದೆಯೇ ಎಂದು ಹೋದಲ್ಲೆಲ್ಲ ಕೇಳುತ್ತಾರೆ. ಅದರ ಮುಖ್ಯ ಉಪಯೋಗ ಅದಲ್ಲ ಎಂದು ಎಷ್ಟು ಸಲ ಹೇಳಿದರೂ ಅದೇ ಪ್ರಶ್ನೆ ಬರುತ್ತದೆ. ಅದು ಕೆಲಸ ಮಾಡಿಸಿ ತೋರಿಸುತ್ತದೆ, ಅಷ್ಟೇ ನಮಗೆ ಬೇಕಾದದ್ದು.

ಇನ್ನುಳಿದ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಯಂತ್ರದಲ್ಲಿ ಯಕೃತ್ತನ್ನು 24 ಗಂಟೆಯವರೆಗೆ ಇಡಬಹುದಾದ್ದರಿಂದ, ದೂರದ ರೋಗಿ ಬಂದು ಸೇರಲು ಹೆಚ್ಚು ಕಾಲಾವಕಾಶ ದೊರೆಯುತ್ತದೆ. ಪಿತ್ತನಾಳಗಳ ಸ್ಥಿತಿಯನ್ನು ಮಾತ್ರ ಲ್ಯಾಕ್ಟೇಟ್ ಹೇಳುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಆ 22 ಜನರಲ್ಲಿ ನಾಲ್ವರಿಗೆ ನಾಳಗಳು ಕಿರಿದಾಗಿ ಎರಡನೆಯ ಕಸಿ ಬೇಕಾಯಿತು. ಆದ್ದರಿಂದ ಈಗ ಪಿತ್ತರಸದ ಆಮ್ಲತೆಯನ್ನೂ ಅಳೆದು ನೋಡುವ ಕ್ರಮವಿದೆ. ಖರ್ಚು ದೊಡ್ಡದು, ಏಕೆಂದರೆ ಪ್ರತಿ ಯಕೃತ್ತಿಗೂ ಹೊಸ ಕೊಳವೆಗಳ ಜೋಡಣೆ ಬೇಕು. ಪಟ್ಟಿಯಲ್ಲಿ ಹೆಸರಿರುವವರು ತಾವು ನೋಂದಾಯಿಸಿರುವ ಆಸ್ಪತ್ರೆಯಲ್ಲಿ ಈ ಯಂತ್ರವಿದೆಯೇ, ಅನುಮಾನದ ಯಕೃತ್ತು ಬಂದರೆ ಅದನ್ನು ಕೆಲಸ ಮಾಡಿಸಿ ನೋಡುತ್ತಾರೆಯೇ, ಅದರ ಖರ್ಚು ಯಾರದು ಎಂದು ಮುಂದಿನ ಭೇಟಿಯಲ್ಲೇ ಕೇಳಿ. ಸಂಕೋಚ ಬೇಡ. ನಮಸ್ಕಾರ.